ಐದೂವರೆ ಸಾವಿರದ ಸದ್ದು

ಆಗಸ್ಟ್ 8, ಮಂಗಳವಾರ

ಬರೆಯಬೇಕಂತೆ. ಎಪ್ಪತ್ತೊಂದನೇ ವಯಸ್ಸಿಗೆ ಹೋಮ್‌ವರ್ಕು. ಒಂಬತ್ತನೇ ಕ್ಲಾಸಿಗೇ ಪುಸ್ತಕ ಎಸೆದು ಬಂದವನು ನಾನು. ಆಮೇಲೆ ಬಿಲ್ಲು ಬಿಟ್ಟರೆ ಏನೂ ಬರೆದಿಲ್ಲ. ಕಿವಿ ಕ್ಲಿನಿಕ್ಕಿನ ಆ ಕೋಪ್ರಿವಾ — ಡಾಕ್ಟರಂತೆ, ನನ್ನ ಮಗಳಿಗಿಂತ ಚಿಕ್ಕವಳು — ಈ ನೋಟ್‌ಬುಕ್ ಕೈಗಿಟ್ಟು, "ದಿನಾ ಏನು ಕೇಳಿಸ್ತು, ಏನು ಕೇಳಿಸಲಿಲ್ಲ, ಎರಡೂ ಬರೀರಿ. ನಾನು ಓದಲ್ಲ, ನಿಮಗೋಸ್ಕರ" ಅಂದಳು.

ಕೇಳಿಸದೆ ಇದ್ದದ್ದನ್ನ ಹೇಗಮ್ಮ ಬರೆಯೋದು? ಕೇಳಿದೆ. ನಕ್ಕಳು. 

ಕಿವಿ ತುಂಬ ಗುಗ್ಗೆ, ಒಳಗೆ ಊತ. ಮೂರು ವಾರ ಡ್ರಾಪ್ಸ್ ಹಾಕ್ಕೊಂಡು 29ಕ್ಕೆ ಹೋಗಬೇಕು, ಆವಾಗ ಪರೀಕ್ಷೆ. ನಾನಾಗಿ ಹೋದದ್ದಲ್ಲ, ನನ್ನವಳು ಎರ್ಲಿಂಡಾ ಎಳಕೊಂಡು ಹೋದದ್ದು. ನಾನು ಟೀವಿ ಜೋರಾಗಿ ಇಡ್ತೀನಂತೆ. ಹೆಂಡತಿ ಮೆಲ್ಲಗೆ ಮಾತಾಡಿದರೆ ಅದು ಗಂಡನ ಕಾಯಿಲೆ.

ಕೇಳಿಸಿದ್ದು: ಎಲ್ಲ.

ಆಗಸ್ಟ್ 10, ಗುರುವಾರ

ಬೆಲೋ ಗಾಡಿ ತಂದ. ಬಸ್ಸಿನಷ್ಟು ಉದ್ದದ ಎಸ್‌ಯುವಿ. ಹೋದ ಚಳಿಗಾಲದಲ್ಲಿ ಅದಕ್ಕೆ ಗಾಳಿ ಒತ್ತಿ ಶಕ್ತಿ ಏರಿಸೋ ಸೂಪರ್‌ಚಾರ್ಜರ್ ಕೂಡಿಸಿದ್ದೂ ನಮ್ಮ ಶೆಡ್ಡಿನಲ್ಲೇ, ನಾನೂ ಮಗಳು ರಮೋನಾನೂ. ಶುಕ್ರವಾರ ಬಂತಂದರೆ ಅವನೂ ಹೆಂಡತಿ ಜೆನೈದಾನೂ ಹಿಂದೆ ಅಡುಗೆ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತಿ ಮೇಲಿನ ಊರುಗಳಿಗೆ ಹೋಗ್ತಾರೆ. ಅವಳ ಹಸಿಮೆಣಸಿನ ಬುರಿಟೋಗೆ ಅಲ್ಲಿ ಜನ ಸಾಲು ನಿಲ್ತಾರೆ. ಸೆಪ್ಟೆಂಬರಿನ ಮೆಣಸಿನ ಸುಗ್ಗಿಯೇ ಅವರ ವರ್ಷ.

"ಏರಿನಲ್ಲಿ ಗೇರು ಹುಚ್ಚು ಹಿಡಿದ ಹಾಗೆ ಆಡ್ತದೆ ಕೊಂಪಾದ್ರೆ. ಮೂರು, ನಾಲ್ಕು, ಮೂರು, ನಾಲ್ಕು. ಹಿಂದಿನ ಲಾರಿಯವನು ಹಾರ್ನ್ ಹೊಡೀತಾನೆ, ಪಕ್ಕದಲ್ಲಿ ಇವಳು ಜಪ ಶುರು ಮಾಡ್ತಾಳೆ. ಲಾರಿಯವನೇ ವಾಸಿ."

ಬೆಲೋ ನನ್ನ ಕೊಂಪಾದ್ರೆ. ರಮೋನಾಳ ಜ್ಞಾನಸ್ನಾನದ ದಿನ ಅವಳನ್ನ ಎತ್ತಿ ಹಿಡಿದವನು, ಅವಳಿಗೆ ಪದ್ರೀನೊ. ರಕ್ತಸಂಬಂಧವಾದರೆ ಜಗಳ ಆಡಿ ಬಿಡಬಹುದು, ಇದನ್ನ ಬಿಡೋ ಹಾಗಿಲ್ಲ.

ಮಾಡಿಕೊಡ್ತೀನಿ ಅಂದೆ. ಏರಿನಲ್ಲಿ ಮೂರನೇ ಗೇರನ್ನೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಆ ಗೇರಿಗೆ ತಕ್ಕ ಹಾಗೆ ಇಂಜಿನ್ನಿಗೆ ಇನ್ನಷ್ಟು ಶಕ್ತಿ ಕೊಡಬೇಕು. ವಾರದ ಕೆಲಸ.

ಕೇಳಿಸಿದ್ದು: ಅವನ ನಗು. ಕೇಳಿಸದ್ದು: ಎರ್ಲಿಂಡಾ ಊಟಕ್ಕೆ ಕರೆದದ್ದಂತೆ. ಮೂರು ಸಲ ಕರೆದಳಂತೆ. ಗುಗ್ಗೆ.

ಆಗಸ್ಟ್ 16, ಬುಧವಾರ. ಸಂಜೆ ಐದು

ತಲೆ ಕೆಟ್ಟಿದೆ. ರಮೋನಾ ಜೊತೆ ಜಗಳ.

ನಮ್ಮದು ಹೀಗೆ. ಗಾಡಿ ಡೈನೋ ಉರುಳೆ ಮೇಲೆ ನಿಂತಲ್ಲೇ ಓಡ್ತದೆ. ರಮೋನಾ ಒಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿರ್ತಾಳೆ. ಕಂಪ್ಯೂಟರು ನನಗೆ ಬರಲ್ಲ, ಬೇಡ. ನನ್ನದು ತಾಮ್ರದ ಕೊಳವೆ. ಒಂದು ತುದಿ ಚಪ್ಪಟೆ ಮಾಡಿ ಇಂಜಿನ್ನಿಗೆ ಬೋಲ್ಟು, ಇನ್ನೊಂದು ತುದಿಗೆ ರಬ್ಬರ್ ಪೈಪು, ಪೈಪು ಕಿವಿಗೆ. ಶಕ್ತಿಗೆ ಅಂತ ಕಿಡಿಯನ್ನ ತೀರಾ ಮುಂಚೆ ಕೊಟ್ಟರೆ ಪೆಟ್ರೋಲು ಒಳಗೆ ತಾನಾಗೇ ಸಿಡೀತದೆ. ಸಣ್ಣ ಬಡಿತ. ತಗಡಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಅಲ್ಲಾಡಿಸಿದ ಹಾಗೆ. ಅದು ಕೇಳಿದರೆ ಕೈ ಎತ್ತುತ್ತೀನಿ, ಅವಳು ಕಿಡಿ ಇಳಿಸ್ತಾಳೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಒಂದು ಇಂಜಿನ್ನೂ ಸತ್ತಿಲ್ಲ.

ಇವತ್ತು ಬೆಲೋ ಗಾಡಿಯಲ್ಲಿ ಬಡಿತ ಏನೂ ಕೇಳಲಿಲ್ಲ. ಸದ್ದು ನುಣ್ಣಗೆ. ರೇಷ್ಮೆ. ರಮೋನಾ ಇಂಜಿನ್ ನಿಲ್ಲಿಸಿದಳು.

"ಅಪ್ಪಾ, ಸೆನ್ಸರ್ ಬಡಿತ ತೋರಿಸ್ತಿದೆ. ನಿಮಿಷಕ್ಕೆ ಮೂರು ಸಾವಿರದ ಇನ್ನೂರು ಸುತ್ತು ಬಂದಾಗ. ಪ್ರತಿ ಸಲ ಅಲ್ಲೇ."

"ಸುಳ್ಳು ಬಡಿತ. ಸೈಲೆನ್ಸರ್ ಪೈಪು ಎಲ್ಲೋ ತಾಗ್ತಿದೆ. ಸೆನ್ಸರಿಗೇನು, ಬಾಗಿಲು ಬಡಿದರೂ ಬಡಿತವೇ."

ತಾಗದ ಹಾಗೆ ಪೈಪಿಗೆ ಬೆಣೆ ಕೊಟ್ಟೆ. ಮತ್ತೆ ಓಡಿಸಿದಳು.

"ಇನ್ನೂ ಇದೆ ಅಪ್ಪಾ."

"ಹಾಗಾದರೆ ಸೆನ್ಸರಿಗೆ ಹುಚ್ಚು. ಅದರ ಚುರುಕು ಇಳಿಸು."

"ಇಳಿಸಿದ್ರೆ ನಿಜವಾದ ಬಡಿತಾನೂ ಅದಕ್ಕೆ ಗೊತ್ತಾಗಲ್ಲ. ಕಿಡಿ ಎರಡು ಡಿಗ್ರಿ ಇಳಿಸಿಬಿಡ್ತೀನಿ, ಸ್ವಲ್ಪ ಶಕ್ತಿ ಹೋಗುತ್ತೆ ಅಷ್ಟೆ..."

"ನನ್ನ ಕಿವಿ ದೊಡ್ಡದೋ ಆ ಎರಡು ಕಾಸಿನ ಸೆನ್ಸರೋ?" ಅಂತ ಕಿರುಚಿದೆ. ಇನ್ನೂ ಏನೇನೋ ಅಂದೆ. ಬರೆಯಲ್ಲ.

ಸೆನ್ಸರಿನ ಚುರುಕೇ ಇಳಿಸಿದಳು.  ತೆರೆ ಮೇಲೆ ಕೆಂಪು ಹೋಯಿತು, ಹಸಿರು ಬಂತು.

ಕೇಳಿಸಿದ್ದು: ಶುದ್ಧವಾದ ಇಂಜಿನ್. ಕೇಳಿಸದ್ದು: ಇಲ್ಲ.

ಆಗಸ್ಟ್ 18, ಶುಕ್ರವಾರ

ಬೆಲೋ ಗಾಡಿ ತಗೊಂಡು ಹೋದ. ಬೀದಿ ತುದಿವರೆಗೆ ಆಕ್ಸಿಲರೇಟರ್ ಒತ್ತಿ ನೋಡಿ ವಾಪಸ್ಸು ಬಂದು ಬಾನೆಟ್ಟಿಗೆ ಮುತ್ತು ಕೊಟ್ಟ. "ಮದುವೆ ದಿನವೂ ನನಗೆ ಹೀಗೆ ಕೊಟ್ಟಿಲ್ಲ ನೋಡು" ಅಂದಳು ಜೆನೈದಾ. ನಮಗೆ ಆರು ಬುರಿಟೋ ಕಟ್ಟಿ ತಂದಿದ್ದಳು. ರಮೋನಾ ತನ್ನದನ್ನ ಬಿಚ್ಚಲಿಲ್ಲ. ಅವಳದ್ದೂ ನಾನೇ ತಿಂದೆ.

"ಪದ್ರೀನೊ, ಏರಿನಲ್ಲಿ ತುಂಬ ಒತ್ತಬೇಡಿ, ಸ್ವಲ್ಪ ದಿನ" ಅಂದಳು ರಮೋನಾ, ಬೆಲೋಗೆ. ನಾನು ಕಣ್ಣು ಬಿಟ್ಟೆ. ಒಳಗೆ ಹೋದಳು.

ಕೇಳಿಸಿದ್ದು: ಸಾಕು. ಈ ನೋಟ್‌ಬುಕ್ಕಿನ ಕೆಲಸ ಮುಗೀತು ಅನ್ನಿಸ್ತದೆ.

ಆಗಸ್ಟ್ 27, ಭಾನುವಾರ

ಒಂಬತ್ತು ದಿನ ಬರೆದಿಲ್ಲ. ಇವತ್ತೂ ಬರೆಯೋ ಮನಸ್ಸಿಲ್ಲ.

ಶುಕ್ರವಾರ ಘಾಟಿಯಲ್ಲಿ ಬೆಲೋ ಗಾಡಿಯ ಇಂಜಿನ್ ಒಡೀತು. ಮೇಲಿನಿಂದ ಎರಡನೇ ತಿರುವು. ಹಿಂದೆ ಬಿಳೀ ಹೊಗೆ, ಶಕ್ತಿ ಇಲ್ಲ, ನಿಂತಿತು. ಬೆಲೋ ಬ್ರೇಕಿನ ಮೇಲೇ ನಿಂತಿದ್ದಾನೆ. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಡೋಣ ಅಂತ ಜೆನೈದಾ ಇಳಿದಳು. ಕಲ್ಲು ಇಡುವಾಗ ಟ್ರೇಲರ್ ಒಂದು ಮೊಳ ಹಿಂದಕ್ಕೆ ಸರೀತು. ಎಡಪಾದದ ಮೇಲೆ.

ಆಸ್ಪತ್ರೆಯಲ್ಲಿ ನೋಡಿದೆ. ಪಾದದ ಎಲುಬು ಐದು ಕಡೆ ಮುರಿದಿದೆ. ಆರು ತಿಂಗಳು ಒಲೆ ಮುಂದೆ ನಿಲ್ಲೋ ಹಾಗಿಲ್ಲ, ಆಮೇಲೂ ಮೊದಲಿನ ಹಾಗೆ ನಿಲ್ತಾಳೆ ಅಂತ ಹೇಳೋಕಾಗಲ್ಲ ಅಂದರಂತೆ. ನನ್ನ ನೋಡಿ, "ಜಪ ಮಾಡ್ತಾ ಇರಲಿಲ್ಲ ಸೆಬಿಯೊ, ಈ ಸಲ ಗಾಡಿ ಚೆನ್ನಾಗಿ ಹತ್ತುತ್ತಿತ್ತು. ಅದಕ್ಕೇ ಹೀಗಾಯ್ತು" ಅಂದಳು. ನಗಿಸೋಕೆ ಅಂದದ್ದು.

ಬೆಲೋ ಹೇಳೋದು — ಘಾಟಿ ಬುಡದ ಪಂಪಿನವನ ಪೆಟ್ರೋಲ್ ಕೆಟ್ಟದ್ದು. ಇರಬಹುದು. ಇರಬಹುದು ಅಂದೆ.

ರಮೋನಾ ಗೋಡೆ ನೋಡ್ತಾ ನಿಂತಿದ್ದಳು.

ಆಗಸ್ಟ್ 29, ಮಂಗಳವಾರ

ಕ್ಲಿನಿಕ್ಕು. ಗಾಜಿನ ಡಬ್ಬಿಯೊಳಗೆ ಕೂಡಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ. ಆಮೇಲೆ ತುಂಬ ಹೊತ್ತು ಸದ್ದೇ ಇಲ್ಲ. ಮಿಷಿನ್ ನಿಲ್ಲಿಸಿದ್ದಾಳೆ ಅಂದುಕೊಂಡೆ. ಗಾಜಿನಾಚೆ ನೋಡಿದರೆ ಕೋಪ್ರಿವಾ ಕೈ ಆಡ್ತಾನೇ ಇದೆ.

ಕಾಗದ ತೋರಿಸಿದಳು. ಗೆರೆ ಸಮವಾಗಿ ಬಂದು, ಒಂದು ಕಡೆ ಬಾವಿಗೆ ಬಿದ್ದ ಹಾಗೆ ಕೆಳಗೆ.

"ಇದು ಗುಗ್ಗೆಯಿಂದಲ್ಲ ಸರ್. ವರ್ಷಾನುಗಟ್ಟಲೆ ಇಂಜಿನ್ ಪಕ್ಕದಲ್ಲಿ ನಿಂತದ್ದರಿಂದ. ನಾಲ್ಕು ಸಾವಿರ ಹರ್ಟ್ಸ್ ದಾಟಿದ ಕೀರಲು ಸದ್ದು ನಿಮಗೆ ಹೆಚ್ಚುಕಡಿಮೆ ಏನೂ ಕೇಳಿಸ್ತಿಲ್ಲ. ಮಾತು ಅದಕ್ಕಿಂತ ಕೆಳಗೇ ಜಾಸ್ತಿ ಇರೋದ್ರಿಂದ ನಿಮಗೆ ಗೊತ್ತಾಗಿಲ್ಲ."

"ಐದೂವರೆ ಸಾವಿರ?"

"ಏನೂ ಇಲ್ಲ. ಯಾಕೆ, ಐದೂವರೆಯಲ್ಲಿ ಏನಿದೆ?"

ಕಾಗದ ಮಡಚಿ ಜೇಬಿಗೆ ಹಾಕ್ಕೊಂಡೆ.

ಬೆಲೋ ಇಂಜಿನ್ನಿನಷ್ಟು ಅಗಲದ ಪಿಸ್ಟನ್ನಿನ ಬಡಿತ ಸದ್ದು ಮಾಡೋದು ಐದೂವರೆ ಸಾವಿರದಲ್ಲಿ. ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೀನಿ. ನನ್ನ ಕೈಬರಹ. ರಮೋನಾಗೆ ಕಲಿಸೋಕೆ ಬರೆದದ್ದು.

ರೇಷ್ಮೆ ಅಂದೆನಲ್ಲ ಹದಿನಾರನೇ ತಾರೀಕು. ರೇಷ್ಮೆ ಅಲ್ಲ. ಕಿವುಡು.

ಯಾವಾಗಿನಿಂದಲೋ. ಎಷ್ಟು ಇಂಜಿನ್ನು ನನ್ನ ಅದೃಷ್ಟದ ಮೇಲೆ ಓಡ್ತಿವೆಯೋ.

ಸೆಪ್ಟೆಂಬರ್ 1, ಶುಕ್ರವಾರ

ಗಾಡಿ ಎಳೆದು ತಂದರು. ಬೆಳಿಗ್ಗೆಯಿಂದ ಇಂಜಿನ್ ಬಿಚ್ಚಿದೆವು, ನಾನೂ ರಮೋನಾನೂ. ಬೆಲೋ ಪಕ್ಕದಲ್ಲೇ ನಿಂತಿದ್ದ. ಐದನೇ ಪಿಸ್ಟನ್ನು. ಉಂಗುರ ಕೂರೋ ಅಂಚೇ ಮುರಿದು ಹೋಗಿದೆ. ತಲೆ ಮೇಲೆ ಮರಳು ಎರಚಿದ ಹಾಗೆ ಸಣ್ಣ ಸಣ್ಣ ಗುಳಿ. ಪಕ್ಕದವಕ್ಕೂ. ಇದಕ್ಕೆ ಕಿವಿ ಬೇಡ, ಕಣ್ಣು ಸಾಕು. ಬಡಿತ. ಗೇರು ಮೂರರಲ್ಲೇ ಬಿಗಿ ಹಿಡಿದು ಮೈಲುಗಟ್ಟಲೆ ಏರಿದೆ, ಅಷ್ಟು ಹೊತ್ತೂ ಬಡಿದಿದೆ. ಸೆನ್ಸರ್ ಎಚ್ಚರ ಇದ್ದಿದ್ದರೆ ತಾನೇ ಕಿಡಿ ಇಳಿಸಿ ಕಾಯ್ತಿತ್ತು. ಅದನ್ನ ಕಿವುಡು ಮಾಡಿದವನು ನಾನು.

"ಪೆಟ್ರೋಲೇ ತಾನೆ ಕೊಂಪಾದ್ರೆ?" ಬೆಲೋ ಕೇಳಿದ. "ಹೌದು ಅನ್ನು ಸಾಕು. ಆ ಪಂಪಿನವನ ಕುತ್ತಿಗೆ ಪಟ್ಟಿ ಹಿಡಿದು ಜೆನೈದಾಳ ಮಂಚದ ಮುಂದೆ ನಿಲ್ಲಿಸ್ತೀನಿ."

ನಾನು ಪಿಸ್ಟನ್ ಒರೆಸ್ತಿದ್ದೆ.

"ಪೆಟ್ರೋಲ್ ಅಲ್ಲ ಪದ್ರೀನೊ," ಅಂದಳು ರಮೋನಾ. "ಸೆನ್ಸರಿನ ಚುರುಕು ಇಳಿಸಿದ್ದೆ. ಇಳಿಸಬಾರದಿತ್ತು. ನನ್ನ ಕೈಯಿಂದಾದ ತಪ್ಪು."

ಬೆಲೋ ಅವಳ ಮುಖ ನೋಡಿದ. "ನಿನ್ನ ಕೈಯಿಂದಾನಾ?" ಆಮೇಲೆ ನನ್ನ ಕಡೆ ತಿರುಗಿದ. ಒರೆಸಿದ್ದನ್ನೇ ಒರೆಸ್ತಿದ್ದೆ. ಟೋಪಿ ಹಾಕ್ಕೊಂಡು ಹೊರಟುಹೋದ.

ಅವಳು ಕೈ ತೊಳೆದಳು. ಏಪ್ರನ್ ಮೊಳೆಗೆ ಹಾಕಿದಳು. "ನೀವು ಹೇಳ್ತೀರೇನೋ ಅಂತ ಸ್ವಲ್ಪ ಹೊತ್ತು ಕಾದೆ ಅಪ್ಪಾ" ಅಂದು ಅವಳೂ ಹೋದಳು.

ಕೇಳಿಸಲಿಲ್ಲ ಅಂತ ಹೇಳಬಹುದು. ಈಗ ಕಾಗದ ಇದೆಯಲ್ಲ, ಯಾರಾದರೂ ನಂಬ್ತಾರೆ.

ಕೇಳಿಸಿದ್ದು: ಅಷ್ಟೂ. ಒಂದೊಂದು ಮಾತೂ.
ಕೇಳಿಸದ್ದು: ನನ್ನ ಬಾಯಿಂದ ಒಂದು ಮಾತು.

ಸೆಪ್ಟೆಂಬರ್ 3, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಬೆಲೋ ಮನೆಗೆ. ಎರ್ಲಿಂಡಾ ಬರ್ತೀನಿ ಅಂದಳು, ಬೇಡ ಅಂದೆ. ಜೆನೈದಾ ಸೋಫಾ ಮೇಲೆ, ಕಾಲು ದಿಂಬಿನ ಮೇಲೆ. ಕೂರು ಅಂದರು. ಕೂರಲಿಲ್ಲ. ಕ್ಲಿನಿಕ್ಕಿನ ಕಾಗದ ಮೇಜಿನ ಮೇಲಿಟ್ಟು ಹೇಳಿದೆ. ರಮೋನಾ ಬೇಡ ಅಂದಳು, ನಾನು ಕಿರುಚಿ ಮಾಡಿಸಿದೆ. ಕಿವಿ ಸತ್ತಿದೆ, ನನಗೇ ಗೊತ್ತಿರಲಿಲ್ಲ. ಶುಕ್ರವಾರ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಬೆಲೋ ಕಾಗದ ತಿರುಗಿಸಿ ಮುರುಗಿಸಿ ನೋಡಿದ.  ಮಾತಾಡಿದ್ದು ಜೆನೈದಾ.

"ಶುಕ್ರವಾರ ಯಾಕೆ ಬಾಯಿ ಬಿಡಲಿಲ್ಲ?"

"ನಾಚಿಕೆ ಆಯ್ತು."

"ನಿನಗೆ ನಾಚಿಕೆ ಆದ್ರೆ ಮಗು ತಲೆ ತಗ್ಗಿಸಬೇಕೇನೋ? ನನ್ನ ಕಾಲು ಹೋದ್ರೆ ಹೋಗ್ಲಿ, ಕಬ್ಬಿಣ ಬಿತ್ತು ಅಂದ್ಕೋತೀನಿ. ಅವಳು ಕೇಕ್ ತಗೊಂಡು ಬಂದಿದ್ಲು ನಿನ್ನೆ. ಬಾಗಿಲಲ್ಲೇ ಇಟ್ಟು ಹೋದ್ಲು. ಇವನು ಒಳಗೆ ಕರೀಲಿಲ್ಲ. ನಿನ್ನಿಂದ."

ಆಮೇಲೆ ಬೆಲೋ. ನನ್ನ ನೋಡದೆ. "ಇಂಜಿನ್ ಕಟ್ಟು. ಆದ್ರೆ ಟ್ಯೂನಿಂಗಿಗೆ ಅವಳು ಕೂರಬೇಕು, ಕೊನೇ ಮಾತು ಅವಳದೇ ಆಗಬೇಕು. ಇಲ್ಲ ಅಂದ್ರೆ ಗಾಡಿ ನಿನ್ನ ಶೆಡ್ಡಲ್ಲೇ ತುಕ್ಕು ಹಿಡೀಲಿ."

ನಲವತ್ತು ವರ್ಷದಲ್ಲಿ ಅವನು ನನ್ನನ್ನ ಕಾರಿನವರೆಗೆ ಬಿಟ್ಟು ಬರದೆ ಇದ್ದದ್ದು ಇದೇ ಮೊದಲು.

ಸೆಪ್ಟೆಂಬರ್ 6, ಬುಧವಾರ

ರಮೋನಾ ಬಂದಿಲ್ಲ. ಫೋನ್ ಎತ್ತಲ್ಲ. ಡೆನ್ವರಿನ ಯಾವುದೋ ಶೆಡ್ಡಿನವರು ಕರೀತಿದ್ದಾರಂತೆ, ತನ್ನಮ್ಮನಿಗೆ ಹೇಳಿದ್ದಾಳೆ. ನನಗೆ ಹೇಳಿಲ್ಲ. ನಾಳೆ ತನ್ನ ಸಾಮಾನು ತಗೊಂಡು ಹೋಗೋಕೆ ಬರ್ತಾಳಂತೆ, ನಾನಿಲ್ಲದ ಹೊತ್ತು ನೋಡಿ.

ಸರಿ. ನಾಳೆ ನಾನಿರಲ್ಲ. ಈ ನೋಟ್‌ಬುಕ್ಕು ನಿನ್ನ ಟೂಲ್ ಬಾಕ್ಸಿನ ಮೇಲಿಡ್ತೀನಿ ರಮೋನಾ. ಮೊದಲಿನಿಂದ ಓದು. ಹದಿನಾರನೇ ತಾರೀಕಿನದ್ದೂ ಓದು. ಅದರಲ್ಲಿ ಬರೆಯಲ್ಲ ಅಂತ ಬಿಟ್ಟದ್ದು ನಿನಗೆ ನೆನಪಿರ್ತದೆ. ತಪ್ಪಾಯ್ತು.

ತಾಮ್ರದ ಕೊಳವೆ ಬಿಚ್ಚಿ ಪಕ್ಕದಲ್ಲಿಟ್ಟಿದ್ದೀನಿ. ಅದು ನಿನ್ನದು. ಇನ್ನು ಕೇಳೋಳು ನೀನು, ಸೆನ್ಸರ್ ನೋಡೋಳೂ ನೀನೇ. ನಾನು ಬೋಲ್ಟು ಬಿಗೀತೀನಿ. ನನ್ನ ಕಿವಿ ಮೇಲೆ ಓಡ್ತಿರೋ ಹಳೇ ಗಾಡಿಗಳಿಗೆಲ್ಲ ಫೋನ್ ಮಾಡಿ ವಾಪಸ್ಸು ಕರೀಬೇಕು. ಫೋನ್ ನಾನೇ ಮಾಡ್ತೀನಿ, ಯಾಕೆ ಅಂತಾನೂ ನಾನೇ ಹೇಳ್ತೀನಿ. ಪರೀಕ್ಷೆ ನೀನು ಮಾಡು. ಬೆಲೋ ಇಂಜಿನ್ನಿಂದ ಶುರು.

ಬರ್ತೀಯೋ ಇಲ್ವೋ. ಒಂಬತ್ತನೇ ತಾರೀಕು ಶನಿವಾರ ಮಧ್ಯಾಹ್ನದೊಳಗೆ ಉತ್ತರ ಬೇಕು. ಬಾಗಿಲಲ್ಲಿ ನಿಂತು ಹೂಂ, ಊಹೂಂ ಅನ್ನಬೇಡ. ಎರಡೂ ನನಗೆ ಒಂದೇ ಥರ ಕೇಳಿಸ್ತದೆ. ಕೆಳಗೆ ಜಾಗ ಬಿಟ್ಟಿದ್ದೀನಿ. ಬರಿ.