ನಿಮ್ಮ ಹೆಸರಿನಲ್ಲಿ ಮುಳುಗಿದವನು

ಸ್ಟ್ಯಾನ್ಲಿ, ಟಾಸ್ಮೇನಿಯಾ
ಮಂಗಳವಾರ

ಪ್ರಿಯ ಗ್ರಾಂಟ್,

ನಿನ್ನೆ ನೀವು ಫೋನಿನಲ್ಲಿ, "ಅಲ್ರೀ ನರೆಲ್, ನಂಗೆ ತಮ್ಮಾನೇ ಇಲ್ಲ, ಮುಳುಗಿ ಸತ್ತಿದ್ದು ಯಾರು?" ಎಂದು ಕೇಳಿದಿರಿ. ನಾನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಕೈಗೆ ಪೆಟ್ಟಾದ ಮೇಲೆ ನೀವು ಮತ್ತೆ ದೋಣಿ ಹತ್ತಬೇಕಾದರೆ ಆಪ್ತಸಮಾಲೋಚಕಿಯ ಟಿಪ್ಪಣಿ ಬೇಕೆಂದು ವಿಮೆಯವರು ನಿಮ್ಮನ್ನು ನನ್ನಲ್ಲಿಗೆ ಕಳಿಸಿದ್ದರು. ಮೂರನೆಯ ಭೇಟಿಯಲ್ಲಿ ನೀವು ಬಾಯೇ ಬಿಡಲಿಲ್ಲ. ಆ ಮೌನ ತಡೆಯಲಾರದೆ ನಾನೇ ಮಾತಾಡಿದೆ, ನಿಮ್ಮೆದುರು ಆಡಬಾರದಿದ್ದ ಮಾತನ್ನೆಲ್ಲ ಅಳುತ್ತ ಆಡಿದೆ. ಕೊನೆಗೆ ನೀವು ಎದ್ದು, "ಟೀಗೆ ನೀರಿಡ್ಲಾ?" ಎಂದಿರಿ. ಅಷ್ಟೇ.

ಮೇಜಿನ ಮೇಲಿರುವ ಎಐ ನಮ್ಮ ಮಾತು ಕೇಳಿಸಿಕೊಂಡು ಟಿಪ್ಪಣಿ ಬರೆಯುತ್ತದೆ. ಆ ಕೋಣೆಯಲ್ಲಿ ಅಳುವವರು ನೀವೇ ಇರಬೇಕೆಂದು ಬಗೆದು, "ತಮ್ಮ ಮುಳುಗಿದಂದಿನಿಂದ ಸಮುದ್ರವೆಂದರೆ ಭಯ" ಎಂದು ನಿಮ್ಮ ಹೆಸರಿನಲ್ಲಿ ಬರೆಯಿತು. ಅದನ್ನು ದೂರಿ ಏನು ಪ್ರಯೋಜನ? ಓದದೆ ಸಹಿ ಹಾಕಿದವಳು ನಾನು. ಅದನ್ನು ನಂಬಿ ವಿಮೆಯವರು ನಿಮಗೆ ಒಪ್ಪಿಗೆ ಕೊಡಲಿಲ್ಲ; ಮೀನಿನ ಹಂಗಾಮು ಶುರುವಾದರೂ ನೀವು ದಡದಲ್ಲೇ ಕೂತಿರುವುದು ನನ್ನ ಆ ಸಹಿಯಿಂದ.

ಹೊಸ ಟಿಪ್ಪಣಿಯನ್ನು ನನ್ನ ಕೈಯಾರೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ಪ್ರತಿ ಸಾಲೂ ಓದಿ. ನಿಮ್ಮದಲ್ಲದ ಮಾತು ಒಂದಿದ್ದರೂ ಹೊಡೆದುಹಾಕಿ. ನೀವು ಒಪ್ಪಿದ ದಿನವೇ ವಿಮೆಯವರಿಗೆ ಕಳಿಸುತ್ತೇನೆ. ನನ್ನ ಮೇಲೆ ದೂರು ಕೊಡುವ ವಿಳಾಸವೂ ಲಕೋಟೆಯಲ್ಲಿದೆ, ಸಂಕೋಚ ಬೇಡ.

ಮುಳುಗಿದವನು ನನ್ನ ತಮ್ಮ ಬ್ರೆಟ್. ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ದಿನ ನೀವು ಒಂದೇ ಕೈಯಲ್ಲಿ ಟೀ ಮಾಡಿಕೊಟ್ಟದ್ದು ಹಳೆಯ ಟಿಪ್ಪಣಿಯಲ್ಲಿ ಇರಲಿಲ್ಲ. ಈಗ ಬರೆದಿದ್ದೇನೆ.

ತಲೆತಗ್ಗಿಸಿ,
ನರೆಲ್ ಕೋಪ್