ಸೊಸೆಯ ಬೆನ್ನು

ಅಮ್ಮಾ,

ನೀನು ಬದುಕಿದ್ದಿದ್ದರೆ ಇದನ್ನು ಹೇಳುವ ಮುಖ ನನಗಿರುತ್ತಿರಲಿಲ್ಲ.

ಒಲೆಯ ಬೆಂಕಿ ತಗುಲಿ ನಿನ್ನ ಸೊಸೆಯ ಎದೆ, ತೋಳು ಸುಟ್ಟಿವೆ. ಆಸ್ಪತ್ರೆಯಲ್ಲಿದ್ದಾಳೆ. ಇವತ್ತು ನರ್ಸಮ್ಮ ಅವಳನ್ನು ಹೊರಳಿಸಿ ನೋಡಿದರೆ, ಬೆಂಕಿಯೇ ಮುಟ್ಟದ ಸೊಂಟದ ಕೆಳಗೆ ಹುಣ್ಣು.

"ಆಗಾಗ ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ಮೇಲೆ ಬಿಡ್ಬೇಡಿ ಅಂತ ಬಡ್ಕೊಂಡೆನಲ್ಲ! ಎಲ್ಲಿ ಹೋಗಿದ್ರಿ?"

ಹೊರಗಿನ ಬೆಂಚಿನಲ್ಲಿದ್ದೆ. ಅವಳ ಸುಟ್ಟ ಗಾಯ ನೋಡಲಾಗದೆ ತಲೆತಪ್ಪಿಸಿಕೊಂಡಿದ್ದೆ. ನಾನು ಬಾಯಿ ಬಿಡುವ ಮೊದಲೇ ನಿನ್ನ ಸೊಸೆ, "ನಾನೇ ಬೇಡ ಅಂದೆ ಸಿಸ್ಟರ್, ನೋವಾಗುತ್ತೆ ಅಂತ," ಎಂದಳು.

ಅವಳು ಹಾಗೆ ಅಂದೇ ಇರಲಿಲ್ಲ.

ಮುಂದಿನ ಸಲ ಮಗ್ಗುಲು ಬದಲಿಸುವುದನ್ನು ನರ್ಸಮ್ಮ ನನ್ನ ಕೈಯಲ್ಲೇ ಮಾಡಿಸಿದರು. ನಾನು ನೇರ ಭುಜಕ್ಕೆ ಕೈ ಹಾಕಿದೆ.

"ಅಲ್ಲ ರೀ," ಎಂದಳು ನಿನ್ನ ಸೊಸೆ. "ಮೊದ್ಲು ಮಂಡಿ ಮಡಚಿ, ಆಮೇಲೆ ಸೊಂಟ ಹಿಡ್ಕೊಳ್ಳಿ. ಎಳೀಬೇಡಿ, ಚರ್ಮ ಕಿತ್ತು ಬರುತ್ತೆ. ಅತ್ತೆಗೆ ನಾನು ಹಾಗೇ ಅಲ್ವಾ ಮಾಡ್ತಿದ್ದಿದ್ದು?"

ನೀನು ಹಾಸಿಗೆ ಹಿಡಿದಿದ್ದ ಅಷ್ಟು ವರ್ಷವೂ ನಿನ್ನ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ನಾನು ದಿನಾ ಬಾಗಿಲಲ್ಲೇ ನಿಂತು, "ಹೇಗಿದ್ದೀಯಮ್ಮಾ?" ಎಂದು ಕೇಳಿ ಕೆಲಸಕ್ಕೆ ಹೋಗುತ್ತಿದ್ದೆ.

"ಹೌದು, ಹಾಗೇ," ಎಂದೆ ಅವಳಿಗೆ, ನೋಡಿದವನ ಹಾಗೆ.