ಬರೀ ನೀರಿನ ಹೊಳಪು

ಮನೆಯೊಡತಿಗೆ,

ನಾವಿಬ್ಬರೂ ಕ್ಷೇಮ. ಮಗಳ ಪ್ರಯೋಗಾಲಯದಲ್ಲಿ ಬಣ್ಣ ಬೆರೆಸಿದ ಪ್ರೋಟೀನು, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಯಂತ್ರವು ಆ ಹೊಳಪನ್ನು ಪಕ್ಕದಿಂದ ಅಳೆಯುತ್ತದೆ. ನಿನ್ನೆ, ಹೊಳೆಯಬಾರದ ಬರೀ ನೀರೂ ಹೊಳೆಯಿತು. ಇಂದು ಗುರುಗಳಿಗೆ ಅಳತೆಗಳನ್ನು ಒಪ್ಪಿಸಬೇಕಿದ್ದ ಮಗಳು, "ನನ್ನ ಕೈಗುಣವೇ ಸರಿಯಿಲ್ಲಪ್ಪಾ" ಎಂದು ಕಣ್ಣೀರಿಟ್ಟಳು. ನಾನು ಕರವಸ್ತ್ರ ಚಾಚಿದೆ. ಮೇಜಿನ ನೇರಳಾತೀತ ದೀಪದಡಿ ಅದು ಕಣ್ಣು ಕುಕ್ಕುವಂತೆ ಬೆಳಗಿತು! ಅಳೆಯುವ ದ್ರವವನ್ನು ತುಂಬುವ ಅವಳ ಪುಟ್ಟ ಗಾಜಿನ ಕೋಶವನ್ನು ನಿನ್ನೆ ಬೆಳಿಗ್ಗೆ ನಾನೇ ಅದರಿಂದ ಉಜ್ಜಿ ಒರೆಸಿದ್ದೆ.

"ಅಯ್ಯೋ ಅಪ್ಪಾ, ಇದು ಅಮ್ಮ ಬಟ್ಟೆ ಒಗೆಯುವ ಬಿಳುಪಿನ ಪುಡಿ ಮಹಿಮೆ! ಅದೂ ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ" ಎಂದು ನಕ್ಕಳು.

ಕೋಶವನ್ನು ತೊಳೆದ ಮೇಲೆ ನೀರಿನ ಹೊಳಪು ಮಾಯವಾಯಿತು. ಅವಳು ಮತ್ತೆ ಅಳೆದು ತಂದ ಅಳತೆಗಳನ್ನು ಗುರುಗಳು ಇಂದು ಒಪ್ಪಿದರು. ನನ್ನ ಮೊಣಕಾಲು ನೋವು ತಗ್ಗಿದೆ. ಇದನ್ನು ಬರೆಯಲೆಂದಷ್ಟೇ ಕೈ ಬಿಚ್ಚಿದ್ದೇನೆ. ಉಳಿದಂತೆ, ಇನ್ನೇನನ್ನೂ ಮುಟ್ಟದಂತೆ ನಿನ್ನ ಮಗಳು ನನ್ನನ್ನು ಕೈಕಟ್ಟಿ ಕೂರಿಸಿದ್ದಾಳೆ.

ನಿನ್ನ ಮೇಷ್ಟ್ರು